ಕಾಲು ಸುತ್ತಳತೆ

ದಿಮ್ಮಿಯ ನಟ್ಟನಡುವೆ ಟೇಪು ಸುತ್ತಿ ಅಳೆಯಬೇಕು. ಬಂದ ಅಳತೆಯನ್ನು ನಾಲ್ಕರಿಂದ ಭಾಗಿಸಬೇಕು. ಆ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿದರೆ ಅದೇ ನಾಟಾದ ಲೆಕ್ಕ. ನಾಲ್ಕಡಿ ಸುತ್ತಿನ, ಹದಿನಾರಡಿ ಉದ್ದದ ಸಾಗವಾನಿ ತುಂಡು ಅಂದರೆ 16 ಘನ ಅಡಿ. ದಾಂಡೇಲಿಯ ನಮ್ಮ ಮನೆಯಲ್ಲಿ ಮಗ್ಗಿ ಬಾಯಿಪಾಠ ಆದೊಡನೆ ಮಕ್ಕಳು ಕಲಿಯುತ್ತಿದ್ದ ಮೊದಲ ಲೆಕ್ಕ ಇದು. ಅಪ್ಪ ಸರಕಾರಿ ನಾಟಾ ಡಿಪೋದಲ್ಲಿ ಅಳತೆಯ ಕೆಲಸದಲ್ಲಿದ್ದ. ಸಂಜೆ ಅವನು ಮನೆಗೆ ತಂದ ಪುಸ್ತಕದಿಂದ ಅಂಕಿಗಳನ್ನು ನಾನು ಓದಿ ಹೇಳುತ್ತಿದ್ದೆ, ಅವನು ಬಾಯಿಲೆಕ್ಕದಲ್ಲೇ ತಾಳೆ ನೋಡುತ್ತಿದ್ದ.

ಹೈಸ್ಕೂಲಿನಲ್ಲಿ ಮಾಸ್ತರರು ಸಿಲಿಂಡರಿನ ಘನಫಲ ಕಲಿಸಿದಾಗ ಅದೇ ತುಂಡನ್ನು ಮನಸ್ಸಿನಲ್ಲಿಟ್ಟು ಲೆಕ್ಕ ಮಾಡಿದೆ. 20 ಘನ ಅಡಿಗೂ ಹೆಚ್ಚು ಬಂತು. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವನು ಪೆನ್ನಿನ ಟೊಪ್ಪಿಗೆ ಹಾಕಿಟ್ಟು ಸಮಾಧಾನವಾಗಿ ಹೇಳಿದ: “ಮಾಸ್ತರ ಲೆಕ್ಕಾನೂ ಖರೇ ಐತಿ, ನಮ್ಮದೂ ಖರೇ ಐತಿ. ದುಂಡ ಕಟಗಿ ಕೊಯ್ದು ಚೌಕ ಮಾಡೂ ಹೊತ್ತಿಗೆ ತೊಗಟಿ, ಚಕ್ಕಿ, ಹೊಟ್ಟು ಅಂತ ಐದನೇ ಪಾಲು ಹೋಗೇ ಬಿಡ್ತೈತವಾ. ಹೋಗೂದನ್ನ ಮೊದಲ ಬಿಟ್ಟು ಲೆಕ್ಕಾ ಹಿಡೀತೀವಿ.”

ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಹೀಗೆ ಪುಸ್ತಕದ ಹೊರಗೇ ಉಳಿಯುತ್ತದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಪದ್ಧತಿ. ಮೋಸವೇನಿಲ್ಲ, ಕೊಳ್ಳುವವನಿಗೂ ಮಾರುವವನಿಗೂ ಗೊತ್ತಿರುವ ಲೆಕ್ಕ. ಆದರೆ ನಮ್ಮ ಮನೆತನ ಕಟ್ಟಿಗೆಯ ವ್ಯವಹಾರದಲ್ಲಿ ಕಳೆದ ವರ್ಷಗಳನ್ನು ಬರೆಯಲು ಕೂತಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಆ ಬಿಟ್ಟ ಪಾಲೇ.

ಅಜ್ಜನದು ಕಲಘಟಗಿ ಸೀಮೆ. ತುಂಡು ಭತ್ತದ ಹೊಲ, ಒಂದು ಜೋಡಿ ಎತ್ತು. ಸುಗ್ಗಿ ಮುಗಿದು ಕಣ ತೆರವಾದ ಮೇಲೆ ಎತ್ತಿಗೂ ಮನುಷ್ಯನಿಗೂ ಕೈತುಂಬ ಕೆಲಸವಿರುತ್ತಿರಲಿಲ್ಲ. ಆಗ ಗಾಡಿ ಕಟ್ಟಿಕೊಂಡು ಹಳಿಯಾಳ ದಾಟಿ ಅಡವಿ ಹೊಕ್ಕು, ಮಳೆ ಬೀಳುವ ಮುಂಚೆ ಬಿತ್ತನೆಗೆ ಊರಿಗೆ ಮರಳುವುದು. ಬಯಲುಸೀಮೆಯ ಅಂಚಿನ ಎಷ್ಟೋ ಒಕ್ಕಲು ಮನೆಗಳು ಹೀಗೆ ಬೇಸಿಗೆಯನ್ನು ಕಾಡಿನಲ್ಲಿ ದುಡಿದು ಬದುಕಿದವು. ಅಜ್ಜ ಮೊದಲು ಬಂದದ್ದು ತನ್ನ ತಮ್ಮನೊಂದಿಗೆ, ಮೀಸೆ ಮೂಡುವ ವಯಸ್ಸಿನಲ್ಲಿ.

ಆ ಹೊತ್ತಿಗೆ ದಾಂಡೇಲಿಗೆ ರೈಲು ಬಂದಿತ್ತು. ಪುಣೆ–ಹುಬ್ಬಳ್ಳಿ ಹಾದಿಯ ಅಳ್ನಾವರದಿಂದ ಸುಮಾರು ಮೂವತ್ತು ಕಿಲೋಮೀಟರಿನ ಒಂದು ಕವಲು ಹಳಿ, ಮೊದಲ ಮಹಾಯುದ್ಧದ ಆಚೀಚೆ ಹಾಕಿದ್ದು. ಅದು ಜನರಿಗಾಗಿ ಬಂದ ಹಳಿಯಲ್ಲ, ನಾಟಾಕ್ಕಾಗಿ ಬಂದದ್ದು. ಕಾಳಿ ಕೊಳ್ಳದ ಸಾಗವಾನಿಯ ಮೇಲೆ ಇಂಗ್ಲಿಷರ ಕಣ್ಣು ಅದಕ್ಕೂ ಬಹಳ ಮೊದಲೇ ಬಿದ್ದಿತ್ತು. ಮುಂಬೈಯ ಹಡಗುಕಟ್ಟೆಗೆ ಒಳ್ಳೆಯ ಸಾಗವಾನಿ ಬೇಕಿತ್ತು, ಆಮೇಲೆ ರೈಲುದಾರಿಗೆ ಸ್ಲೀಪರು ಬೇಕಾದವು. 1847ರಲ್ಲಿ ಮುಂಬೈ ಪ್ರಾಂತದಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾದ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈಗೆ ಸೇರಿಸಿದರು. 1865ರಲ್ಲೂ 1878ರಲ್ಲೂ ಅರಣ್ಯ ಕಾಯಿದೆಗಳು ಬಂದವು. ಸಾಗವಾನಿ, ಸಿಸಂ, ಗಂಧ ಈ ಮೂರು ಎಲ್ಲಿ ಬೆಳೆದಿದ್ದರೂ ಸರಕಾರದ ಸೊತ್ತು ಎಂದಾಯಿತು. ಅಜ್ಜ ಹುಟ್ಟುವ ಮೊದಲೇ ಈ ಕಾಡಿಗೆ ಒಡೆಯ ನಿಶ್ಚಯವಾಗಿದ್ದ.

ಅಜ್ಜನ ಕೆಲಸ ಕೂಪಿನಿಂದ ದಿಮ್ಮಿ ಎಳೆಯುವುದು. ಆ ವರ್ಷ ಕಡಿಯಲೆಂದು ಗುರುತು ಹಾಕಿದ ಕಾಡಿನ ತುಂಡಿಗೆ ಕೂಪು ಎನ್ನುತ್ತಿದ್ದರು. ಗಾಡಿಯ ಮೈ ಕಳಚಿ, ಬರೀ ಅಚ್ಚು, ಗಾಲಿ, ಮೂಕಿ ಉಳಿಸಿಕೊಳ್ಳುವುದು. ದಿಮ್ಮಿಯ ದಪ್ಪ ತುದಿಯನ್ನು ಅಚ್ಚಿನ ಕೆಳಗೆ ಸರಪಳಿಯಿಂದ ಬಿಗಿದರೆ ಸಣ್ಣ ತುದಿ ನೆಲ ಉಜ್ಜುತ್ತ ಹಿಂದೆ ಬರುತ್ತದೆ. ಇಳಿಜಾರಿನಲ್ಲಿ ಆ ಉಜ್ಜುವ ತುದಿಯೇ ತಡೆ. ಆ ತಡೆ ಸಾಲದ ಕಡಿದಾದ ಜಾಗದಲ್ಲಿ ಹಿಂದಿನಿಂದ ಮರಕ್ಕೆ ಹಗ್ಗ ಸುತ್ತಿ ಸ್ವಲ್ಪ ಸ್ವಲ್ಪವೇ ಸಡಿಲ ಬಿಡಬೇಕು. ಹಗ್ಗ ಜಾರಿದರೆ ದಿಮ್ಮಿ ಮುಂದಿನ ಎತ್ತಿನ ಹಿಂಗಾಲಿಗೇ ಬರುತ್ತದೆ. ಅಜ್ಜ ಇದನ್ನು ಹೇಳುವಾಗ ಮನುಷ್ಯನಿಗೆ ಏನಾಗುತ್ತದೆ ಎಂದು ಹೇಳುತ್ತಿರಲಿಲ್ಲ, ಎತ್ತಿನ ಮಾತೇ ಆಡುತ್ತಿದ್ದ. ದೊಡ್ಡ ತುಂಡಿಗೆ ಎರಡು ಜೋಡಿ, ಮೂರು ಜೋಡಿ ಎತ್ತು ಕಟ್ಟಿದ್ದೂ ಉಂಟಂತೆ. ಬೆಳಗಿನ ಜಾವದ ತಂಪಿನಲ್ಲಿ ಹೊರಟು, ಬಿಸಿಲೇರುವ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಕೊಳ್ಳು ಹರಿದು, ಎತ್ತುಗಳನ್ನು ನೀರಿಗಿಳಿಸಿ, ಆಮೇಲೆ ತಾವು ಬುತ್ತಿ ಬಿಚ್ಚುವುದು.

ಕಡಿಯುವವರು ಬೇರೆ, ಎಳೆಯುವವರು ಬೇರೆ. ಕಾಡಿನ ಒಳಗನ್ನು ಬಲ್ಲವರು ಸಿದ್ದಿಗಳು, ಕುಣಬಿಗಳು, ಎಮ್ಮೆ ಮೇಯಿಸುವ ಗೌಳಿಗಳು. ಮರ ಯಾವ ಕಡೆ ಬೀಳಬೇಕೆಂದು ಮೊದಲು ನಿಶ್ಚಯಿಸಿ ಆ ಕಡೆ ಕೊಡಲಿಯಿಂದ ಬಾಯಿ ತೆಗೆದು, ಎದುರು ಬದಿಯಿಂದ ಗರಗಸ ಹಾಕುತ್ತಿದ್ದರು. ಬೀಳುವ ಮರ ಪಕ್ಕದ ಎಳೆ ಗಿಡವನ್ನು ಮುರಿಯದಂತೆ ಬೀಳಿಸುವುದು ಒಂದು ವಿದ್ಯೆ. ಅಂಥವರ ಹೆಸರುಗಳನ್ನು ಅಜ್ಜ ಗುರುಗಳ ಹೆಸರು ಹೇಳುವ ಧಾಟಿಯಲ್ಲಿ ಹೇಳುತ್ತಿದ್ದ. ವರ್ಷಗಳು ಕಳೆದಂತೆ ಅವನೇ ಗಾಡಿಯವರ ಮುಕಾದಮನಾದ. ಕೂಲಿ ಹಂಚುವುದು, ಜಗಳ ಬಿಡಿಸುವುದು, ಜ್ವರ ಬಂದವನನ್ನು ಗಾಡಿಯಲ್ಲಿ ಹಾಕಿ ಊರಿಗೆ ಕಳಿಸುವುದು ಅವನ ಪಾಲಿಗೆ ಬಂತು.

ಜ್ವರದ ಮಾತು ಇಲ್ಲಿ ಹೇಳಲೇಬೇಕು. ಸೂಪಾ, ಹಳಿಯಾಳದ ಕಾಡೆಂದರೆ ಆಗ ಚಳಿಜ್ವರದ ಸೀಮೆ. ಊರಿಗೆ ಊರೇ ಬರಿದಾದ ಉದಾಹರಣೆಗಳಿದ್ದವು. ಬಯಲುಸೀಮೆಯಿಂದ ಬಂದವರ ಮೈ ಅದಕ್ಕೆ ಒಗ್ಗಿರಲಿಲ್ಲ. ಅಜ್ಜನ ತಮ್ಮ ಒಂದು ಬೇಸಿಗೆಯ ಕೊನೆಗೆ ನಡುಗುತ್ತ ಮಲಗಿದವನು ಹಾದಿಯಲ್ಲೇ ತೀರಿಕೊಂಡ. ದಿಮ್ಮಿ ತರಲು ಹೋದ ಗಾಡಿಗೆ ಮೈ ಇರಲಿಲ್ಲ, ಕೋಲುಗಳನ್ನು ಅಡ್ಡಡ್ಡ ಕಟ್ಟಿ ಅದರ ಮೇಲೆ ಅವನನ್ನು ತಂದರು. ಇದನ್ನು ನನಗೆ ಹೇಳಿದವಳು ಅಜ್ಜಿ, ಅಜ್ಜ ಎಂದೂ ಹೇಳಲಿಲ್ಲ. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸತೊಡಗಿದ ಮೇಲೆ ಜ್ವರ ತಗ್ಗಿತು. ಮಳೆಗಾಲದಲ್ಲೂ ಇಲ್ಲಿ ನಿಲ್ಲಬಹುದು ಎಂದಾದ ಮೇಲೆಯೇ ಅಜ್ಜ ಅಜ್ಜಿಯನ್ನೂ ಮಕ್ಕಳನ್ನೂ ದಾಂಡೇಲಿಗೆ ಕರೆತಂದ. ದಾಂಡೇಲಿಯ ಇತಿಹಾಸ ಬರೆಯುವವರು ಕಾರ್ಖಾನೆಗಳಿಂದ ಶುರುಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಊರು ಊರಾದದ್ದು ಜ್ವರ ಇಳಿದ ದಿನ.

ಅಪ್ಪ ಮ್ಯಾಟ್ರಿಕ್‌ವರೆಗೆ ಓದಿದ್ದ, ಅಕ್ಷರ ಮುತ್ತಿನಂತಿತ್ತು. ಹಾಗಾಗಿ ಬಾರಕೋಲು ಹಿಡಿಯುವ ಬದಲು ಟೇಪು ಹಿಡಿದ. ಅವನು ಸೇರಿದ್ದು ಮುಂಬೈ ಸರಕಾರದ ಕೆಲಸಕ್ಕೆ. 1956ರ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಾಗದಪತ್ರದ ಮೇಲಿನ ಮುದ್ರೆ ಬದಲಾಯಿತು. ಅದೇ ವರ್ಷ ದಾಂಡೇಲಿ ಅಭಯಾರಣ್ಯದ ಘೋಷಣೆಯೂ ಆಯಿತು. ಆದರೆ ಡಿಪೋಕ್ಕೆ ಬರುವ ದಿಮ್ಮಿಗಳ ಸಾಲು ಮಾತ್ರ ಎಂದಿನಂತೆಯೇ ಬೆಳೆಯುತ್ತ ಹೋಯಿತು.

ನಾನು ಮಧ್ಯಾಹ್ನ ಅಪ್ಪನ ಬುತ್ತಿ ಒಯ್ಯುತ್ತಿದ್ದೆ. ಡಿಪೋದ ಒಳಗೆ ಕಣ್ಣು ಹಾಯುವವರೆಗೆ ಸಾಗವಾನಿಯ ಸಾಲು, ಅದರಾಚೆ ಮತ್ತಿ, ಕಿಂದಳ, ಹೊನ್ನೆ, ಜಂಬೆ, ನಂದಿ. ಪ್ರತಿ ದಿಮ್ಮಿಯ ಮುಖದ ಮೇಲೂ ಸುತ್ತಿಗೆಯ ಗುರುತು, ಬಣ್ಣದಲ್ಲಿ ನಂಬರು, ಉದ್ದ, ಸುತ್ತಳತೆ. ಮುದ್ರೆ ಕೆತ್ತಿದ ಆ ಸುತ್ತಿಗೆಯಿಂದ ಒಂದೇ ಏಟಿಗೆ ಗುರುತು ಮೂಡಬೇಕು. ಮುದ್ರೆಯಿಲ್ಲದ ಕಟ್ಟಿಗೆ, ಪಾಸಿಲ್ಲದ ಗಾಡಿ ನಾಕೆ ದಾಟುವಂತಿರಲಿಲ್ಲ. ಸುತ್ತಿಗೆಯನ್ನು ಬೀಗ ಹಾಕಿ ಇಡುತ್ತಿದ್ದರು.

ಅಪ್ಪನ ಅಸಲಿ ವಿದ್ಯೆ ಇದ್ದದ್ದು ಟೇಪಿನಲ್ಲಲ್ಲ, ಕಿವಿಯಲ್ಲಿ. ಕೊಡಲಿಯ ಬೆನ್ನಿನಿಂದ ದಿಮ್ಮಿಯ ಮುಖಕ್ಕೆ ತಟ್ಟಿ ಕೇಳುತ್ತಿದ್ದ. ಗಟ್ಟಿ ಕೆಚ್ಚಿನ ಸದ್ದು ಬೇರೆ, ಒಳಗೆ ಟೊಳ್ಳಿದ್ದರೆ ಬೇರೆ, ಹೊರಗೆ ಕಾಣದ ಸೀಳಿದ್ದರೆ ಇನ್ನೊಂದು. ತುದಿಯಲ್ಲಿ ನೆಟ್ಟಗೆ ಕಂಡ ಮರ ನಡುವೆ ತಿರುಚಿಕೊಂಡಿದೆಯೋ ಎಂದು ತೊಗಟೆಯ ಗೆರೆ ನೋಡಿ ಹೇಳುತ್ತಿದ್ದ. ಹಳ್ಳದ ದಂಡೆಯಲ್ಲಿ ಬೇಗ ಬೆಳೆದ ಸಾಗವಾನಿಯ ಉಂಗುರ ಅಗಲ, ಗುಡ್ಡದ ಕಲ್ಲುನೆಲದಲ್ಲಿ ಬೆಳೆದದ್ದರ ಉಂಗುರ ಒತ್ತೊತ್ತು. ಉಂಗುರ ನೋಡಿ ಬರಗಾಲದ ವರ್ಷಗಳನ್ನು ನನಗೆ ತೋರಿಸಿದ್ದ. ಹೊಸದಾಗಿ ಕೊಯ್ದ ಸಾಗವಾನಿಗೆ ತೊಗಲಿನ ವಾಸನೆಯಿರುತ್ತದೆ. ಅಪ್ಪನ ಅಂಗಿಗೂ ಅದೇ ವಾಸನೆ.

ಲಿಲಾವಿನ ದಿನ ಮುಂಬೈ, ಸೊಲ್ಲಾಪುರ, ಹುಬ್ಬಳ್ಳಿಯ ವ್ಯಾಪಾರಿಗಳು ಬರುತ್ತಿದ್ದರು. ಗುಜರಾತಿ, ಮರಾಠಿ, ಕೊಂಕಣಿ, ಕನ್ನಡ ಎಲ್ಲ ಕಲೆತ ಗದ್ದಲ. ಹಿಂದಿನ ದಿನವೇ ಲಾಟುಗಳ ನಡುವೆ ಅಡ್ಡಾಡಿ ಗುಟ್ಟಾಗಿ ಗುರುತು ಹಾಕಿಕೊಂಡಿರುತ್ತಿದ್ದರು. ಕೆಲವರು ಅಪ್ಪನನ್ನು ಬದಿಗೆ ಕರೆದು “ಯಾವ ಲಾಟು ಹಿಡೀಲಿ ಹೇಳ್ರಿ ಸಾಹೇಬ್ರ” ಎನ್ನುತ್ತಿದ್ದರು. ಅಪ್ಪನ ಉತ್ತರ ಒಂದೇ: “ಮುಖದ ಮ್ಯಾಲ ಎಲ್ಲಾ ಬರದೈತ್ರಿ, ಓದ್ಕೋರಿ.” ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಅವನ ಅಳತೆಯ ಮೇಲೆ ತಕರಾರು ಬಂದದ್ದನ್ನು ನಾನು ಕೇಳಲಿಲ್ಲ.

ಅಷ್ಟು ಸಾಗವಾನಿ ಕೈದಾಟಿಸಿದ ಮನೆಯ ತಲೆಬಾಗಿಲು ನಂದಿ ಮರದ್ದು, ತೊಲೆಗಳು ಮತ್ತಿಯವು. ಸಾಗವಾನಿಯ ಬೆಲೆ ನಮ್ಮಂಥವರಿಗಲ್ಲ. ಆದರೆ ಪುಸ್ತಕಕ್ಕೆ ಬಾರದ ಆ ಐದನೇ ಪಾಲು ಇತ್ತಲ್ಲ, ಅದು ನಮ್ಮದಾಗಿತ್ತು. ಊರಿನ ಸಾಮಿಲ್ಲುಗಳಿಂದ ಅವ್ವ ಚೀಲಗಟ್ಟಲೆ ಹೊಟ್ಟು ತರುತ್ತಿದ್ದಳು. ತಗಡಿನ ಡಬ್ಬಿಯ ಬುಡದಲ್ಲಿ ಒಂದು ಬದಿಗೆ ತೂತು. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ತೂತಿನೊಳಗಿಂದ ಅದರ ಬುಡ ಮುಟ್ಟುವಂತೆ ಒಂದು ಕೋಲು ತೂರಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ತುರುಕುವುದು. ಆಮೇಲೆ ಬಾಟಲಿಯನ್ನೂ ಕೋಲನ್ನೂ ಮೆಲ್ಲಗೆ ತಿರುಗಿಸುತ್ತ ಹೊರಗೆಳೆದರೆ ಗಾಳಿಯ ಹಾದಿ ಸಿದ್ಧ. ಒಮ್ಮೆ ಹೊತ್ತಿಸಿದರೆ ಹೊತ್ತುಗಟ್ಟಲೆ ಒಂದೇ ಸಮ ಉರಿಯುತ್ತದೆ. ಹೊಟ್ಟು ತೇವವಾಗಿದ್ದರೆ ಕಣ್ಣು ಬಿಡಲಾಗದ ಹೊಗೆ, ಸಡಿಲವಾಗಿ ತುಂಬಿದರೆ ನಡುವೆಯೇ ಕುಸಿದು ಒಲೆ ಸತ್ತಂತೆ. ಅನ್ನ, ಬೇಳೆ, ಸ್ನಾನದ ನೀರು ಎಲ್ಲ ಅದರ ಮೇಲೆ. ಜೋಳದ ರೊಟ್ಟಿಗೆ ಮಾತ್ರ ಚಕ್ಕೆಯ ಉರಿಯೇ ಆಗಬೇಕು ಎನ್ನುತ್ತಿದ್ದಳು. ತೊಗಟೆ ಸುಲಿಯಲು ಬರುತ್ತಿದ್ದ ಹೆಣ್ಣಾಳುಗಳು ಸಂಜೆ ತೊಗಟೆಯ ಹೊರೆ ಹೊತ್ತು ನಮ್ಮ ಬಾಗಿಲ ಮುಂದಿಂದಲೇ ಹಾದುಹೋಗುತ್ತಿದ್ದರು. ನೀರು ಕೊಟ್ಟು ಕೂಡಿಸಿ ಮಾತಾಡಿಸದೆ ಅವ್ವ ಅವರನ್ನು ಕಳಿಸುತ್ತಿರಲಿಲ್ಲ.

ಬಿದಿರಿನ ಮಾತೂ ಅದೇ ತಲೆಮಾರಿನದು. 1950ರ ದಶಕದ ಕೊನೆಗೆ ಕಾಗದದ ಕಾರ್ಖಾನೆ ಶುರುವಾದ ಮೇಲೆ ಬಿದಿರಿನ ಲಾರಿಗಳ ಸಾಲು ಬೇರೆಯೇ ಹತ್ತಿತು. ಊರಿಗೆ ಕೆಲಸ ಬಂತು, ಆಸ್ಪತ್ರೆ ಬಂತು, ಶಾಲೆ ಬಂತು, ಅದನ್ನು ಮರೆಯಬಾರದು. ಆದರೆ ಕೆಲವೇ ವರ್ಷಗಳಲ್ಲಿ ಬಿದಿರು ಹತ್ತಿರದಲ್ಲಿ ಸಿಗದೆ ಲಾರಿಗಳು ದೂರದೂರ ಹೋಗತೊಡಗಿದವು. 1970ರ ದಶಕದಲ್ಲಿ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಜಿಲ್ಲೆಯ ಬಿದಿರನ್ನು ಅಭ್ಯಾಸ ಮಾಡಿದಾಗ ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ದೊಡ್ಡದು. ಮೆಳೆಯ ಬುಡಕ್ಕೆ ಸುತ್ತಿಕೊಂಡ ಮುಳ್ಳಿನ ಹೆಣಿಗೆಯನ್ನು ಸವರಿ ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಇಲಾಖೆ ನಂಬಿತ್ತು. ಆ ಮುಳ್ಳೇ ಎಳೆ ಕಳಲೆಯನ್ನು ದನದ ಬಾಯಿಂದ ಕಾಯುತ್ತಿದ್ದುದು. ಹಳ್ಳಿಯ ಜನ ಇದನ್ನು ಮೊದಲೇ ಹೇಳುತ್ತಿದ್ದರು. ಅವರ ಮಾತನ್ನು ಬರೆದುಕೊಳ್ಳಲು ಯಾವ ರಿಜಿಸ್ಟರಿನಲ್ಲೂ ಅಂಕಣವಿರಲಿಲ್ಲ.

ಅಪ್ಪ ಮನೆಗೆ ಅತಿ ತಡವಾಗಿ ಬರುತ್ತಿದ್ದ ವರ್ಷಗಳೆಂದರೆ ಸೂಪಾ ಅಣೆಕಟ್ಟಿನವು. ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಗೋಡೆ ಏಳುತ್ತಿತ್ತು. ನೀರು ತುಂಬುವ ಮೊದಲು ಆ ಕೊಳ್ಳದ ಮರಗಳನ್ನೆಲ್ಲ ಕಡಿದು ತೆರವು ಮಾಡಬೇಕು. ಕೂಪಿನಲ್ಲಾದರೆ ಇಂತಿಷ್ಟು ಮರ, ಇಂಥ ಸುತ್ತಳತೆಯದು ಎಂಬ ಕಟ್ಟುಪಾಡು ಇರುತ್ತದೆ. ಇಲ್ಲಿ ಎಲ್ಲವೂ ಹೋಗಬೇಕಿತ್ತು. ಹಗಲು ರಾತ್ರಿ ಲಾರಿ. ಡಿಪೋದಲ್ಲಿ ದಿಮ್ಮಿ ಇಳಿಸಲು ಜಾಗ ಸಾಲದೆ ರಸ್ತೆಬದಿಗೂ ಒಟ್ಟಿದರು. ಅಪ್ಪ ಜೀವಮಾನದಲ್ಲಿ ಕಂಡಿರದಷ್ಟು ದಪ್ಪದ ಮರಗಳು ಆಗ ಬಂದವು. ಅವನು ಅಳೆದು ಬರೆದು ಬಂದು ಊಟಕ್ಕೆ ಕೂತು ಏನೂ ಮಾತಾಡುತ್ತಿರಲಿಲ್ಲ. ಒಂದು ರಾತ್ರಿ ಮಾತ್ರ ಅವ್ವನಿಗೆ, “ಇವತ್ತ ಬಂದ ಗಿಡಗೋಳನ್ನ ನಮ್ಮಪ್ಪ ನೋಡಿದ್ರ ಕಡಿಯಾಕ ಬಿಡ್ತಿರಲಿಲ್ಲ” ಅಂದದ್ದು ನನಗೆ ಕೇಳಿಸಿತು. ಸೂಪಾ ಊರೇ ನೀರಿನ ಕೆಳಗೆ ಹೋಯಿತು, ತಾಲೂಕಿನ ಕಚೇರಿ ಜೋಯಿಡಾಕ್ಕೆ, ಜನ ರಾಮನಗರಕ್ಕೆ. ನನ್ನ ತರಗತಿಯಲ್ಲಿ ಅಲ್ಲಿಂದ ಬಂದ ಇಬ್ಬರು ಹುಡುಗಿಯರಿದ್ದರು. ಅವರ ಮನೆಗೆ ಎಷ್ಟು ಪರಿಹಾರ ಸಿಕ್ಕಿತೋ ನಾನರಿಯೆ. ಅವರ ಹಿತ್ತಲ ಹಲಸಿನ ಮರ ಎಂಥದಿತ್ತು ಎಂದು ಅವರು ಹೇಳಿದ್ದು ನೆನಪಿದೆ.

ಆಮೇಲಿನ ಕಥೆ ಬೇಗ ಮುಗಿಯುವಂಥದು. 1980ರ ಅರಣ್ಯ ಸಂರಕ್ಷಣಾ ಕಾಯಿದೆ, 1983ರ ಸೆಪ್ಟೆಂಬರಿನಲ್ಲಿ ಸಿರ್ಸಿ ತಾಲೂಕಿನ ಸಾಲ್ಕಣಿಯ ಹತ್ತಿರ ಹುಟ್ಟಿದ ಅಪ್ಪಿಕೋ ಚಳವಳಿ, ಸಹಜಾರಣ್ಯದ ಹಸಿರು ಮರ ಕಡಿಯುವುದಕ್ಕೆ ಬಿದ್ದ ತಡೆ, 1996ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ಆದೇಶ. ಜನ ಮರ ಅಪ್ಪಿಕೊಂಡು ನಿಂತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೇಳಿದಾಗ, ಮರದ ಅನ್ನ ಉಂಡ ಅಪ್ಪ ಸಿಟ್ಟಾಗಬಹುದು ಎಂದುಕೊಂಡಿದ್ದೆ. “ಹತ್ತ ವರ್ಷ ತಡಾ ಆತು” ಅಂದ, ಅಷ್ಟೇ. ಡಿಪೋಕ್ಕೆ ಬರುವ ದಿಮ್ಮಿಯ ಸುತ್ತಳತೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದುದನ್ನು ಯಾವ ಚಳವಳಿಗಾರನಿಗಿಂತಲೂ ಮೊದಲು ಕಂಡವನು ಅವನು. ಅಜ್ಜ ಮೂರು ಜೋಡಿ ಎತ್ತು ಕಟ್ಟಿ ಒಂದನ್ನು ತರುತ್ತಿದ್ದ. ಅಪ್ಪ ನಿವೃತ್ತನಾಗುವ ಹೊತ್ತಿಗೆ ನೆಡುತೋಪು ತೆಳುಮಾಡಿದ ಸಣ್ಣ ಸಣ್ಣ ಕಂಬಗಳು ಲಾರಿಯ ತುಂಬ ಬರುತ್ತಿದ್ದವು. ಕಾಡು ಕರಗಿದ ಪಾಪವನ್ನು ಕೊಡಲಿ ಹಿಡಿದವನ, ಗಾಡಿ ಹೊಡೆದವನ ತಲೆಗೆ ಕಟ್ಟುವವರನ್ನು ಕಂಡರೆ ನನಗೆ ಈಗಲೂ ಸಹಿಸಲಾಗುವುದಿಲ್ಲ. ಎಷ್ಟು ಕಡಿಯಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಅಪ್ಪ ನಿವೃತ್ತನಾದ ಕೆಲವು ವರ್ಷಗಳಿಗೆ ಸಿರ್ಸಿಯ ಅರಣ್ಯ ಕಾಲೇಜಿನ ಒಬ್ಬ ಹುಡುಗ ಮನೆಗೆ ಬಂದ. ಹಳೆಯ ಸಾಗವಾನಿ ಎಲ್ಲೆಲ್ಲಿ ಎಷ್ಟು ದಪ್ಪವಿತ್ತು ಎಂದು ಅವನಿಗೆ ತಿಳಿಯಬೇಕಿತ್ತು. ಇಲಾಖೆಯ ರಿಜಿಸ್ಟರುಗಳಲ್ಲಿ ಜಾತಿ, ಉದ್ದ, ಸುತ್ತಳತೆ, ಘನ ಅಡಿ ಎಲ್ಲ ಇತ್ತು, ಮರ ಯಾವ ಇಳಿಜಾರಿನಲ್ಲಿ, ಯಾವ ಹಳ್ಳದ ಬದಿಗೆ ನಿಂತಿತ್ತು ಎಂಬುದು ಇರಲಿಲ್ಲ. ಹುಡುಗ ನೆಲದ ಮೇಲೆ ನಕಾಶೆ ಹಾಸಿದ. ಅಪ್ಪ ಕನ್ನಡಕ ಹಾಕಿಕೊಂಡು ಮೊಣಕಾಲೂರಿ ಕೂತ. ನಕಾಶೆಯಲ್ಲಿ ಇಲ್ಲದ ಹೆಸರುಗಳು ಒಂದೊಂದಾಗಿ ಅವನ ಬಾಯಿಂದ ಬಂದವು: ಗಾಡಿಯವರು ಇಟ್ಟ ಇಳಿಜಾರಿನ ಹೆಸರು, ಗೌಳಿಗಳು ಕರೆಯುವ ಕೆರೆಯ ಹೆಸರು, ಎತ್ತು ಜಾರಿ ಬಿದ್ದ ತಿರುವಿನ ಹೆಸರು. ಅವ್ವ ಎರಡು ಸಲ ಚಹಾ ಕೊಟ್ಟಳು, ಅದು ಆರಿಯೇ ಹೋಯಿತು. ಕೊನೆಗೆ ಅಪ್ಪ, “ಹಿಂಗ ಆಗೂದಿಲ್ಲ ತಮ್ಮಾ. ಮಳಿ ನಿಂತ ಮ್ಯಾಲ ಜೀಪು ತಗೊಂಡ ಬಾ, ಬೊಡ್ಡಿ ಇದ್ದಲ್ಲೇ ತೋರಸ್ತೀನಿ” ಅಂದ.

ದೀಪಾವಳಿ ಕಳೆದ ಮೇಲೆ ಹೋದೆವು, ನಾನೂ ಜೊತೆಗಿದ್ದೆ. ಎಷ್ಟೋ ಬೊಡ್ಡೆಗಳು ಕೊಳೆತು ಮಣ್ಣಾಗಿದ್ದವು. ಕೆಲವು ಕಡೆ ಕಡಿದ ಬುಡದಿಂದಲೇ ಚಿಗುರಿದ ಕವಲುಗಳು ಮರವಾಗಿ ನಿಂತಿದ್ದವು. ಹುಡುಗ ನೆಲದಿಂದ 1.37 ಮೀಟರ್ ಎತ್ತರಕ್ಕೆ ಟೇಪು ಸುತ್ತಿದ, ನಿಂತ ಮರವನ್ನು ಅಳೆಯುವ ಪದ್ಧತಿ ಅದು. ಟೇಪಿನ ಇನ್ನೊಂದು ತುದಿಯನ್ನು ಅಪ್ಪ ಹಿಡಿದುಕೊಂಡ. ಅಲ್ಲಿ ಮೊದಲಿದ್ದ ಮರದ ಸುತ್ತಳತೆ ಎಷ್ಟಿತ್ತೆಂದು ತಾನೇ ಬಾಯಿಂದ ಹೇಳಿದ, ಅಡಿ ಅಂಗುಲದಲ್ಲಿ. ಹುಡುಗ ಎರಡನ್ನೂ ಬರೆದುಕೊಂಡು, ಪುಟದ ಕೊನೆಯಲ್ಲಿದ್ದ ‘ಮಾಹಿತಿ ನೀಡಿದವರು’ ಎಂಬಲ್ಲಿ ಅಪ್ಪನ ಹೆಸರು ಬರೆದ. ಅಪ್ಪ ಬಗ್ಗಿ ನೋಡಿ, ಅದರ ಕೆಳಗೆ ಇನ್ನೂ ಜಾಗವಿದೆಯಲ್ಲ ಎಂದು, ಆ ಮರ ಕಡಿದ ಇಬ್ಬರು ಸಿದ್ದಿ ಅಣ್ಣತಮ್ಮಂದಿರ ಹೆಸರನ್ನೂ, ಎಳೆದು ತಂದ ಗಾಡಿಯವನ ಹೆಸರನ್ನೂ ಅಕ್ಷರ ಅಕ್ಷರ ಹೇಳಿ ಬರೆಸಿದ.